ಗದಗದಲ್ಲಿ ಕೂತು ಜರ್ಮನಿ ಕಂಪನಿಯನ್ನು ಕರೆಸಿದ್ದು

ಕೋರ್ಟಿನ ಬಾರ್ ರೂಮಿನಲ್ಲಿ ಹಿರಿಯ ವಕೀಲರೊಬ್ಬರು ನಕ್ಕಿದ್ದರು. "ತಮ್ಮಾ, ಜರ್ಮನಿ ಕಂಪನೀನ ಗದಗಕ್ಕ ಕರಸ್ತಿ ಏನ? ವಕಾಲತ್ತಿನ ಜೋಡಿ ಪಾಸ್‌ಪೋರ್ಟೂ ಮಾಡಿಸ್ಕೊ." ಹೋದ ತಿಂಗಳು ಆ ಕಂಪನಿ ರಾಜಿಗೆ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕಕ್ಷಿದಾರರು ಗದಗಕ್ಕೆ ಅಂಟಿಕೊಂಡ ಬೆಟಗೇರಿಯ ಪ್ರೆಸ್ಸಿನವರು. ಆ ಕಂಪನಿಯ ಪ್ರಿಂಟಿಂಗ್ ಮಷಿನ್‌ಗೆ 38 ಲಕ್ಷದ ಹತ್ತಿರ ಕೊಟ್ಟಿದ್ದರು. ನಾಲ್ಕೇ ತಿಂಗಳಲ್ಲಿ ಬಣ್ಣದ ಮೇಲೆ ಬಣ್ಣ ಕೂರದಾಯಿತು.

ಮೊದಲ ದಾವೆಯಲ್ಲಿ ಪೆದ್ದನ ಹಾಗೆ ಬರೆದೆ: ಕಂಪನಿಯ ವೆಬ್‌ಸೈಟ್ ಗದಗದಲ್ಲೂ ಕಾಣುತ್ತದೆ, ಹಾಗಾಗಿ ಇಲ್ಲೂ ವ್ಯಾಪಾರವಿದೆ, ಗದಗದ ಕೋರ್ಟೇ ಕೇಸು ಕೇಳಬಹುದು. ವೆಬ್‌ಸೈಟ್ ಕಂಡರೆ ಸಾಲದು, ಇಲ್ಲಿನ ಗಿರಾಕಿಯನ್ನೇ ಗುರಿ ಮಾಡಿ ವ್ಯವಹಾರ ಮಾಡಿರಬೇಕು ಅಂತ ದೆಹಲಿ ಹೈಕೋರ್ಟ್ 2009ರಲ್ಲೇ ಬನಿಯನ್ ಟ್ರೀ ಕೇಸಿನಲ್ಲಿ ಹೇಳಿದೆ. ಸರಿ, ವ್ಯವಹಾರ ತೋರಿಸೋಣ ಅಂತ ನಾನೇ ಆ ಕಂಪನಿಯಿಂದ ನಾಲ್ಕು ಸಾವಿರದ ಇಂಕ್ ತರಿಸಿದೆ. ಕೇಸಿಗಾಗಿ ಬೇಕಂತಲೇ ಮಾಡಿದ ಒಂಟಿ ಖರೀದಿ ಲೆಕ್ಕಕ್ಕಿಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ! ಬಾಟಲಿ ಇನ್ನೂ ನನ್ನ ಕಪಾಟಿನಲ್ಲಿದೆ. ಸುಮ್ನೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 23ರಡಿ, ಹೊಸದಾಗಿ ಹಾಕೋಕೆ ಅನುಮತಿ ಕೇಳಿ ದಾವೆ ವಾಪಸ್ ತಗೊಂಡೆ. ಎಂಟು ತಿಂಗಳು, ಸುಮಾರು 40 ಸಾವಿರ ಹೋಯಿತು.

ಎರಡನೇ ಸಲ ಕಂಪನಿ ಎಲ್ಲಿದೆ ಅನ್ನೋದನ್ನೇ ಬಿಟ್ಟೆ. ಗದಗದಲ್ಲಿ ಏನು ನಡೆಯಿತು ಅನ್ನೋದನ್ನು ಹಿಡಿದೆ. ವ್ಯಾಜ್ಯದ ಕಾರಣದ ಒಂದು ಭಾಗ ಇಲ್ಲಿ ನಡೆದಿದ್ದರೂ ಇಲ್ಲೇ ದಾವೆ ಹಾಕಬಹುದು ಅನ್ನೋ ಅದೇ ಸಂಹಿತೆಯ ಕಲಂ 20(ಸಿ)ಗೆ ಅಷ್ಟು ಸಾಕಲ್ವಾ? ಅವರ ಎಂಜಿನಿಯರ್ ಆರು ದಿನ ಇಲ್ಲೇ ಇದ್ದು ಮಷಿನ್ ಕೂರಿಸಿ, ಓಡಿಸಿ, ವರದಿಗೆ ಸಹಿ ಹಾಕಿದ್ದ. ವಾರಂಟಿ ಅವತ್ತಿಂದಲೇ ಶುರು. ಅವನ ಲಾಡ್ಜ್ ಬಿಲ್ಲನ್ನೂ ಹಾಜರು ಮಾಡಿದೆ. ಇನ್‌ವಾಯ್ಸ್ ಹಿಂದೆ ಸಣ್ಣ ಅಕ್ಷರದಲ್ಲಿ, ಜಗಳವಿದ್ದರೆ ಅಲ್ಲೇ ಅಂತ, ಅವರೂರಿನ ಕೋರ್ಟಿನ ಹೆಸರಿತ್ತು. ಅದನ್ನು ಹೇಗೆ ದಾಟಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಸಮನ್ಸ್ ಮುಟ್ಟಿಸೋದರಲ್ಲೇ ಹೈರಾಣಾದೆ. ಪೋಸ್ಟಿನಲ್ಲಿ ಕಳಿಸಿದ್ದು ದಂಡ, ಬೇರೆ ದೇಶಕ್ಕೆ ಸಮನ್ಸ್ ಕಳಿಸೋ ಹೇಗ್ ಒಪ್ಪಂದದಡಿ ಜರ್ಮನಿ ಅದನ್ನು ಒಪ್ಪೋದಿಲ್ಲ. ದೆಹಲಿಯ ಕಾನೂನು ಸಚಿವಾಲಯದ ಮೂಲಕವೇ ಹೋಗಬೇಕು, ಜೊತೆಗೆ ಜರ್ಮನ್ ಅನುವಾದ ಬೇರೆ. ಅನುವಾದಕ್ಕೇ 65 ಸಾವಿರ ಆಯಿತು, ಇನ್ನೂ ಜಾಸ್ತಿಯೇ ಇರಬೇಕು. ಮುಟ್ಟೋಕೆ ಹನ್ನೊಂದು ತಿಂಗಳು.

ಬಂದವರೇ ಅಧಿಕಾರ ವ್ಯಾಪ್ತಿ ಇಲ್ಲ ಅಂತ ತಕರಾರು ತೆಗೆದರು. ಆ ತಕರಾರು ವಜಾ ಆಯಿತು. ಆದರೆ ಡಿಕ್ರಿ ಜಾರಿಗೆ ಜರ್ಮನಿ ಜೊತೆ ನಮಗೆ ಪರಸ್ಪರ ಏರ್ಪಾಡಿಲ್ಲ, ಗೆದ್ದರೂ ಕೈಯಲ್ಲಿ ಕಾಗದವೇ. ಹಾಗಾಗಿ ಭಾರತದಲ್ಲಿ ಯಾರಿಂದ ಅವರಿಗೆ ದುಡ್ಡು ಬರಬೇಕಿದೆ ಅಂತ ಹುಡುಕಿ, ತೀರ್ಪಿಗೆ ಮುಂಚೆಯೇ ಆ ದುಡ್ಡಿನ ಜಪ್ತಿಗೆ ಆರ್ಡರ್ 38ರಡಿ ಅರ್ಜಿ ಹಾಕಿದೆ. ಮೂರನೇ ವಾರಕ್ಕೆ ಫೋನ್ ಬಂತು. 21 ಲಕ್ಷಕ್ಕೆ ಮುಗಿಯಿತು.

ಮಷಿನ್ ಬೆಟಗೇರಿಯಲ್ಲೇ ಇದೆ. ಒಂದೇ ಬಣ್ಣದ ಮದುವೆ ಕಾರ್ಡಿಗೆ ಓಡಿಸುತ್ತಾರೆ.