ಆಪರೇಟಿಂಗ್ ಸಿಸ್ಟಮ್ ಆನ್‌ಲೈನ್ ಕೋರ್ಸನ್ನು ಓದುವ ಬಗೆ

ಆಪರೇಟಿಂಗ್ ಸಿಸ್ಟಮ್ ಕೋರ್ಸನ್ನು ಆನ್‌ಲೈನಿನಲ್ಲಿ ಮಾಡಿದವರಲ್ಲಿ ಅನೇಕರು ಎಲ್ಲ ವಾರಗಳ ವಿಡಿಯೊಗಳನ್ನೂ ನೋಡಿ, ಅಸೈನ್‌ಮೆಂಟುಗಳಿಗೆ ಸರಿಯುತ್ತರಗಳನ್ನೂ ಗುರುತಿಸಿ, ಕೊನೆಗೆ ಪ್ರೊಸೆಸ್ ಎಂದರೇನು ಎಂದು ಯಾರಾದರೂ ಕೇಳಿದರೆ ಬಾಯಿಪಾಠದ ವ್ಯಾಖ್ಯೆಯೊಂದನ್ನು ಒಪ್ಪಿಸಿ ಸುಮ್ಮನಾಗುತ್ತಾರೆ. ಇಲ್ಲಿ ಕಲಿಸುವ ಬಹುಪಾಲು ಸಂಗತಿಗಳು ನಮ್ಮ ಮುಂದಿರುವ ಕಂಪ್ಯೂಟರಿನಲ್ಲಿ ಆ ಹೊತ್ತಿಗೇ ನಡೆಯುತ್ತಿರುತ್ತವೆ. ಅವನ್ನು ಅಲ್ಲಿ ಕಾಣದೆ ಸ್ಲೈಡಿನ ಚಿತ್ರದಲ್ಲಷ್ಟೇ ಕಂಡರೆ ನೆನಪಿನಲ್ಲಿ ಉಳಿಯುವುದು ಹೆಸರುಗಳು ಮಾತ್ರ. ಆದ್ದರಿಂದ ಪ್ರತಿ ಪಾಠದ ಜೊತೆಗೂ ಓಡಿಸಿ ನೋಡುವ ಒಂದು ಚಿಕ್ಕ ಪ್ರೋಗ್ರಾಮ್ ಇರಲೇಬೇಕು ಎಂಬ ನಿಯಮವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಕೋರ್ಸನ್ನು ಆರಿಸುವಾಗ ಪ್ರಮಾಣಪತ್ರ ಬೇಕೇ, ತಿಳಿವಳಿಕೆ ಸಾಕೇ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಿ. ಕಾಲೇಜಿನ ಕ್ರೆಡಿಟ್ ಬೇಕಾದವರಿಗೆ ಸ್ವಯಂ ಜಾಲತಾಣದಲ್ಲಿ ದೊರೆಯುವ ಎನ್‌ಪಿಟಿಇಎಲ್ ಕೋರ್ಸುಗಳೇ ಸರಿಯಾದ ದಾರಿ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಈ ಯೋಜನೆಯಲ್ಲಿ ಆಪರೇಟಿಂಗ್ ಸಿಸ್ಟಮ್ ವಿಷಯಕ್ಕೇ ಒಂದಕ್ಕಿಂತ ಹೆಚ್ಚು ಕೋರ್ಸುಗಳಿವೆ. ಐಐಟಿ ಮದ್ರಾಸಿನ ಚೆಸ್ಟರ್ ರೆಬೈರೊ ಅವರ ಕೋರ್ಸು ಎಕ್ಸ್‌ವಿ6 ಎಂಬ ಪುಟ್ಟ ಕರ್ನಲ್ಲಿನ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು ಭಾಗ) ಕೋಡನ್ನು ಮುಂದಿಟ್ಟುಕೊಂಡು ಸಾಗುತ್ತದೆ; ಐಐಟಿ ಖರಗ್‌ಪುರದ ಸಂತನು ಚಟ್ಟೋಪಾಧ್ಯಾಯ ಅವರದು ಪಠ್ಯಕ್ರಮದ ಅಧ್ಯಾಯಗಳ ಕ್ರಮವನ್ನು ಅನುಸರಿಸುತ್ತದೆ. ಪ್ರಮಾಣಪತ್ರದ ಹಂಗಿಲ್ಲದವರು ಅಮೆರಿಕದ ಎಂಐಟಿಯ 6.1810 ಎಂಬ ಕೋರ್ಸಿನ ಪ್ರಯೋಗಗಳನ್ನು ಮಾಡಬಹುದು, ಅವೆಲ್ಲ ಉಚಿತವಾಗಿ ತೆರೆದಿವೆ. ಓದಲು ಒಂದೇ ಪುಸ್ತಕ ಸಾಕೆನ್ನುವವರಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ದಂಪತಿ ಬರೆದು ಉಚಿತವಾಗಿ ಬಿಟ್ಟುಕೊಟ್ಟಿರುವ ‘ಆಪರೇಟಿಂಗ್ ಸಿಸ್ಟಮ್ಸ್: ತ್ರೀ ಈಸಿ ಪೀಸಸ್’ ಇದೆ. ಎರಡು ಮೂರು ಕೋರ್ಸುಗಳಿಗೆ ಒಟ್ಟಿಗೇ ಸೇರಿಕೊಳ್ಳುವ ಆಸೆಯನ್ನು ಬಿಡಬೇಕು. ಇದಕ್ಕೆ ತಾಂತ್ರಿಕ ಕಾರಣವೂ ಇದೆ: ಎಕ್ಸ್‌ವಿ6ರ ಹಳೆಯ ರೂಪ ಇಂಟೆಲ್ಲಿನ 32 ಬಿಟ್ ಪ್ರೊಸೆಸರಿಗೆ ಬರೆದದ್ದು, 2019ರಿಂದ ಎಂಐಟಿ ಬಳಸುತ್ತಿರುವುದು ರಿಸ್ಕ್-ವಿ ಪ್ರೊಸೆಸರಿನ ರೂಪ. ಪ್ರೋಗ್ರಾಮಿನ ವಿಳಾಸಗಳನ್ನು ನಿಜವಾದ ಮೆಮೊರಿಯ ವಿಳಾಸಗಳಿಗೆ ಹೊಂದಿಸುವ ಪೇಜ್ ಟೇಬಲ್ ಮೊದಲನೆಯದರಲ್ಲಿ ಎರಡು ಹಂತದ್ದು, ಎರಡನೆಯದರಲ್ಲಿ ಮೂರು ಹಂತದ್ದು. ಒಂದರ ಪಾಠವನ್ನು ಕೇಳಿ ಇನ್ನೊಂದರ ಕೋಡನ್ನು ತೆರೆದರೆ ತಲೆ ಕೆಡುವುದು ಖಂಡಿತ.

ಕ್ರೆಡಿಟ್ ವಿಷಯದಲ್ಲಿ ಮೊದಲು ನಿಮ್ಮ ವಿಭಾಗದ ಮುಖ್ಯಸ್ಥರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಯುಜಿಸಿಯ 2021ರ ನಿಯಮಾವಳಿಯ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಮಾಡಲು ಸಂಸ್ಥೆಗಳು ಅವಕಾಶ ಕೊಡಬಹುದು, ಆದರೆ ಯಾವ ವಿಷಯಕ್ಕೆ ಯಾವ ಕೋರ್ಸು ಸಮಾನವೆಂಬುದನ್ನು ತೀರ್ಮಾನಿಸುವುದು ನಿಮ್ಮ ಸಂಸ್ಥೆಯೇ. ಎನ್‌ಪಿಟಿಇಎಲ್‌ನಲ್ಲಿ ಕೋರ್ಸಿಗೆ ಸೇರುವುದು ಉಚಿತ. ಪರೀಕ್ಷೆಗೆ ಬೇರೆಯಾಗಿ ನೋಂದಾಯಿಸಿ ಶುಲ್ಕ ಕಟ್ಟಬೇಕು. ಕೋರ್ಸಿಗೆ ಸೇರಿದ್ದೇ ಪರೀಕ್ಷೆಗೂ ಆಯಿತು ಎಂದುಕೊಂಡು ಕೊನೆಯ ದಿನಾಂಕವನ್ನು ಕಳೆದುಕೊಳ್ಳುವವರು ಪ್ರತಿ ಸಲವೂ ಇರುತ್ತಾರೆ. ಅಂತಿಮ ಅಂಕದಲ್ಲಿ ಅಸೈನ್‌ಮೆಂಟುಗಳಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಪ್ರಮಾಣಪತ್ರಕ್ಕೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬರಲೇಬೇಕು. ಎಂಟು ವಾರದ ಕೋರ್ಸಿನಲ್ಲಿ ಉತ್ತಮವಾದ ಆರು ಅಸೈನ್‌ಮೆಂಟುಗಳು ಮಾತ್ರ ಲೆಕ್ಕಕ್ಕೆ ಬರುವುದರಿಂದ ಒಂದು ವಾರ ತಪ್ಪಿತೆಂದು ಕೋರ್ಸನ್ನೇ ಬಿಡಬೇಕಾಗಿಲ್ಲ.

ಸೇರುವ ಮುನ್ನ ಇರಬೇಕಾದ ತಯಾರಿ ಹೆಚ್ಚೇನಲ್ಲ, ಆದರೆ ಇದ್ದಷ್ಟು ಗಟ್ಟಿಯಾಗಿರಬೇಕು. ಸಿ ಭಾಷೆಯಲ್ಲಿ ಪಾಯಿಂಟರ್, ಸ್ಟ್ರಕ್ಚರ್, ಅರೇ ಇವು ಮೂರನ್ನು ಬಳಸಿ ಒಂದು ಲಿಂಕ್ಡ್ ಲಿಸ್ಟನ್ನು ಪುಸ್ತಕ ನೋಡದೆ ಬರೆಯಲು ಬಂದರೆ ಧೈರ್ಯವಾಗಿ ಮುಂದುವರಿಯಬಹುದು. ಬಾರದಿದ್ದರೆ ಎರಡು ವಾರ ಅದಕ್ಕೇ ಮೀಸಲಿಡಿ, ಏಕೆಂದರೆ ಪೇಜ್ ಟೇಬಲ್ ಪಾಠದಲ್ಲಿ ಎಡವುವವರಲ್ಲಿ ಹೆಚ್ಚಿನವರು ನಿಜವಾಗಿ ಎಡವಿರುವುದು ಪಾಯಿಂಟರಿನಲ್ಲಿ. ಬೈನರಿ ಮತ್ತು ಹೆಕ್ಸಾಡೆಸಿಮಲ್ ಸಂಖ್ಯೆಗಳ ನಡುವಿನ ಪರಿವರ್ತನೆ ಸಲೀಸಾಗಿರಬೇಕು. ಯಂತ್ರ ದುಬಾರಿಯದೇ ಆಗಬೇಕೆಂದಿಲ್ಲ. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸಿನೊಳಗೇ ಲಿನಕ್ಸ್ ನಡೆಸಲು ಮೈಕ್ರೋಸಾಫ್ಟ್ ಒದಗಿಸುವ ಡಬ್ಲ್ಯುಎಸ್‌ಎಲ್ ಮೂಲಕ ಉಬುಂಟು ಹಾಕಿಕೊಂಡರೆ ಜಿಸಿಸಿ ಕಂಪೈಲರ್, ತಪ್ಪು ಹುಡುಕುವ ಜಿಡಿಬಿ, ಯಂತ್ರವನ್ನೇ ಅನುಕರಿಸುವ ಕ್ಯೂಎಮು ಎಲ್ಲವೂ ಅದರಲ್ಲೇ ನಡೆಯುತ್ತವೆ. ಲ್ಯಾಪ್‌ಟಾಪ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡು ಮೊದಲ ವಾರಗಳ ಸಣ್ಣ ಪ್ರೋಗ್ರಾಮುಗಳನ್ನು ಕಂಪೈಲ್ ಮಾಡಬಹುದು. ಕಣ್ಣಿಗೆ ಶ್ರಮ, ಆದರೂ ಏನೂ ಮಾಡದಿರುವುದಕ್ಕಿಂತ ಎಷ್ಟೋ ಮೇಲು.

ಇನ್ನು ಪಾಠದ ಜೊತೆಗಿನ ಪ್ರಯೋಗಗಳ ವಿಷಯ. ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ಪಾಠ ಬಂದಾಗ, ಇರುವ ಪ್ರೊಸೆಸಿನ ಪ್ರತಿಯೊಂದನ್ನು ಹುಟ್ಟಿಸುವ ಫೋರ್ಕ್ ಎಂಬ ಸಿಸ್ಟಮ್ ಕಾಲನ್ನು (ಪ್ರೋಗ್ರಾಮ್ ಕರ್ನಲ್ಲಿಗೆ ಸಲ್ಲಿಸುವ ಕೋರಿಕೆ) ಮೂರು ಸಲ ತಿರುಗುವ ಲೂಪಿನೊಳಗೆ ಕರೆಯುವ ಪ್ರೋಗ್ರಾಮನ್ನು ಬರೆಯಿರಿ. ಓಡಿಸುವ ಮುನ್ನ ಒಟ್ಟು ಎಷ್ಟು ಪ್ರೊಸೆಸುಗಳಾಗುತ್ತವೆ ಎಂದು ಕಾಗದದ ಮೇಲೆ ಬರೆದಿಟ್ಟು, ಆಮೇಲೆ ಎಂಟು ಬಂತೇ ಎಂದು ನೋಡಿ. ಉತ್ತರವನ್ನು ಮೊದಲೇ ಬರೆದಿಡುವುದು ಈ ವಿಧಾನದ ಜೀವಾಳ. ಬರೆಯದೆ ಓಡಿಸಿದರೆ ಯಾವ ಫಲಿತಾಂಶ ಬಂದರೂ ಹೌದಲ್ಲವೇ ಎನ್ನಿಸಿಬಿಡುತ್ತದೆ. ಮುಂದೆ, ಪ್ರಿಂಟ್‌ಎಫ್ ಬಳಸಿ ಒಂದು ಪೂರ್ಣ ಸಾಲನ್ನು ಮುದ್ರಿಸಿ, ಅದಾದ ಮೇಲೆ ಒಮ್ಮೆ ಮಾತ್ರ ಫೋರ್ಕ್ ಮಾಡಿ. ಟರ್ಮಿನಲ್ಲಿನಲ್ಲಿ ಆ ಸಾಲು ಒಂದೇ ಸಲ ಕಾಣುತ್ತದೆ. ಅದೇ ಪ್ರೋಗ್ರಾಮಿನ ಔಟ್‌ಪುಟನ್ನು ಫೈಲಿಗೆ ತಿರುಗಿಸಿದರೆ ಎರಡು ಸಲ ಇರುತ್ತದೆ. ಫೈಲಿಗೆ ಬರೆಯುವಾಗ ಅಕ್ಷರಗಳು ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಕಾಯುತ್ತಿರುತ್ತವೆ, ಫೋರ್ಕ್ ಆದಾಗ ಆ ಬಫರಿನ ಪ್ರತಿಯೂ ಮಗು ಪ್ರೊಸೆಸಿಗೆ ಹೋಗುತ್ತದೆ, ಮುಗಿಯುವಾಗ ಇಬ್ಬರೂ ತಮ್ಮ ತಮ್ಮ ಬಫರನ್ನು ಖಾಲಿಮಾಡುತ್ತಾರೆ. ಫೋರ್ಕ್ ಇಡೀ ಮೆಮೊರಿಯ ಪ್ರತಿ ಮಾಡುತ್ತದೆ ಎಂಬ ಮಾತನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗವನ್ನು ನಾನು ಕಂಡಿಲ್ಲ.

ಮೆಮೊರಿ ಭಾಗಕ್ಕೆ ಬಂದಾಗ ವೇಗ ಕಡಿಮೆ ಮಾಡಿ. ಇಡೀ ಕೋರ್ಸಿನಲ್ಲಿ ಹೆಚ್ಚು ಫಲ ಕೊಡುವುದೂ ಹೆಚ್ಚು ಜನ ಕೈಬಿಡುವುದೂ ಇಲ್ಲಿಯೇ. ಒಂದು ಜಿಬಿ ಮೆಮೊರಿಯನ್ನು ಮ್ಯಾಲಾಕ್ ಮೂಲಕ ಕೇಳಿ, ಅದನ್ನು ಮುಟ್ಟದೆ ಪ್ರೋಗ್ರಾಮನ್ನು ಒಂದು ನಿಮಿಷ ಮಲಗಿಸಿ, ಇನ್ನೊಂದು ಕಿಟಕಿಯಲ್ಲಿ ಟಾಪ್ ಕಮಾಂಡನ್ನು ನೋಡಿ. ವರ್ಚುವಲ್ ಮೆಮೊರಿಯ ಅಂಕಿ ಏರಿರುತ್ತದೆ, ನಿಜವಾಗಿ ಬಳಕೆಯಾದ ಮೆಮೊರಿಯ ಅಂಕಿ ಬಹುತೇಕ ಇದ್ದಲ್ಲೇ ಇರುತ್ತದೆ. ಆ ಜಾಗದಲ್ಲೆಲ್ಲ ಒಂದೊಂದು ಬೈಟ್ ಬರೆಯಲು ಆರಂಭಿಸಿದರೆ ಅದೂ ಏರತೊಡಗುತ್ತದೆ. ಮುಟ್ಟಿದ ಪೇಜಿಗೆ (ಮೆಮೊರಿಯ ಸಮಗಾತ್ರದ ತುಂಡು) ಇನ್ನೂ ನಿಜವಾದ ಮೆಮೊರಿ ಸಿಕ್ಕಿಲ್ಲದಾಗ ಪ್ರೊಸೆಸರ್ ಕರ್ನಲ್ಲನ್ನು ಕರೆಯುವುದೇ ಪೇಜ್ ಫಾಲ್ಟ್; ಹೆಸರಿನಲ್ಲಿ ‘ಫಾಲ್ಟ್’ ಇದ್ದರೂ ಅದು ದೋಷವೇ ಆಗಬೇಕಿಲ್ಲ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಪೇಜ್ ಟೇಬಲನ್ನು ಹಂತಗಳಾಗಿ ಏಕೆ ಒಡೆಯುತ್ತಾರೆ ಎಂಬುದಕ್ಕೆ ಲೆಕ್ಕವನ್ನೇ ಮಾಡಿ: 32 ಬಿಟ್ ವಿಳಾಸ, 4 ಕೆಬಿ ಪೇಜ್ ಎಂದರೆ 10,48,576 ಪೇಜುಗಳು, ಒಂದೊಂದು ನಮೂದಿಗೆ 4 ಬೈಟಿನಂತೆ ಒಂದು ಪ್ರೊಸೆಸಿನ ಟೇಬಲ್ಲಿಗೇ 4 ಎಂಬಿ. ನೂರು ಪ್ರೊಸೆಸುಗಳಿದ್ದರೆ ಟೇಬಲ್ಲುಗಳೇ 400 ಎಂಬಿ ನುಂಗುತ್ತವೆ, ಅದೂ ಬಹುಪಾಲು ನಮೂದುಗಳು ಖಾಲಿಯಿರುವಾಗ.

ಥ್ರೆಡ್ (ಒಂದೇ ಪ್ರೊಸೆಸಿನೊಳಗೆ ಒಟ್ಟಿಗೆ ಓಡುವ ಎಳೆ) ಮತ್ತು ಲಾಕ್ ಪಾಠಕ್ಕೆ, ಒಂದೇ ವೇರಿಯಬಲ್ಲನ್ನು ಎರಡು ಥ್ರೆಡ್ಡುಗಳು ತಲಾ ಹತ್ತು ಲಕ್ಷ ಸಲ ಒಂದೊಂದಾಗಿ ಹೆಚ್ಚಿಸುವ ಪ್ರೋಗ್ರಾಮ್ ಬರೆಯಿರಿ. ಇಪ್ಪತ್ತು ಲಕ್ಷ ಬರಬೇಕಾದಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ, ಪ್ರತಿ ಸಲವೂ ಬೇರೆ ಬೇರೆ ಸಂಖ್ಯೆ ಬರುತ್ತದೆ. ಹೆಚ್ಚಿಸುವುದೆಂಬ ಒಂದು ಕೆಲಸದಲ್ಲಿ ಓದುವುದು, ಕೂಡುವುದು, ಮರಳಿ ಬರೆಯುವುದು ಎಂಬ ಮೂರು ಹೆಜ್ಜೆಗಳಿದ್ದು, ಒಬ್ಬರು ಓದಿ ಬರೆಯುವಷ್ಟರಲ್ಲಿ ಇನ್ನೊಬ್ಬರು ಬರೆದದ್ದು ಅಳಿಸಿಹೋಗುತ್ತದೆ. ಕಂಪೈಲರಿನ ಆಪ್ಟಿಮೈಸೇಶನ್ ಹಾಕಿದ್ದರೆ ಅದು ಇಡೀ ಲೂಪನ್ನೇ ಒಂದು ಸಲದ ಕೂಡಿಕೆಯಾಗಿ ಬದಲಿಸಿ ಸರಿಯುತ್ತರ ತೋರಿಸಿಬಿಡಬಹುದು, ಆದ್ದರಿಂದ ಈ ಪ್ರಯೋಗಕ್ಕೆ ಅದನ್ನು ತೆಗೆದುಹಾಕಿ. ಬಳಿಕ ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಒಳಬಿಡುವ ಮ್ಯೂಟೆಕ್ಸ್ ಎಂಬ ಲಾಕ್ ಸೇರಿಸಿ, ಉತ್ತರ ಸರಿಯಾಗುವುದನ್ನೂ ಪ್ರೋಗ್ರಾಮ್ ನಿಧಾನವಾಗುವುದನ್ನೂ ಗಮನಿಸಿ.

ಫೈಲ್ ಸಿಸ್ಟಮ್ ಪಾಠಕ್ಕೆ ಐನೋಡ್ (ಫೈಲಿನ ವಿವರಗಳನ್ನು ಇಡುವ ನಮೂದು) ಸಂಖ್ಯೆಗಳನ್ನು ನೋಡುವುದು, ಅದೇ ಫೈಲಿಗೆ ಇನ್ನೊಂದು ಹೆಸರು ಕೊಡುವ ಒಂದು ಹಾರ್ಡ್ ಲಿಂಕ್ ಮಾಡಿ ಮೂಲ ಹೆಸರನ್ನು ಅಳಿಸುವುದು, ಇಷ್ಟು ಆರಂಭಕ್ಕೆ ಸಾಕು.

ಪರೀಕ್ಷೆಯ ತಯಾರಿ ಬೇರೆಯೇ ಕೆಲಸ. ಅದಕ್ಕೆ ಲೆಕ್ಕಗಳ ಅಭ್ಯಾಸ ಬೇಕು. ಯಾವ ಕೆಲಸಕ್ಕೆ ಮೊದಲು ಪ್ರೊಸೆಸರ್ ಕೊಡಬೇಕೆಂಬ ಶೆಡ್ಯೂಲಿಂಗ್ ಲೆಕ್ಕದಲ್ಲಿ 20, 4, 3 ಮಿಲಿಸೆಕೆಂಡುಗಳ ಮೂರು ಕೆಲಸಗಳು ಒಟ್ಟಿಗೇ ಬಂದಿವೆಯೆನ್ನಿ. ಬಂದ ಸಾಲಿನಲ್ಲೇ ನಡೆಸಿದರೆ ಸರಾಸರಿ ಕಾಯುವ ಹೊತ್ತು 14.67 ಮಿಲಿಸೆಕೆಂಡ್, ಚಿಕ್ಕದನ್ನು ಮೊದಲು ನಡೆಸಿದರೆ 3.33. ವಿಳಾಸದ ಲೆಕ್ಕದಲ್ಲಿ ಪೇಜಿನ ಗಾತ್ರ 4,096 ಬೈಟ್ ಇದ್ದಾಗ, ಸೊನ್ನೆಯಿಂದ ಎಣಿಸಿದರೆ, 20,000ನೆಯ ವಿಳಾಸವು 4ನೇ ಪೇಜಿನ 3,616ನೇ ಸ್ಥಾನ. ಆ ಪೇಜ್ ಭೌತಿಕ ಮೆಮೊರಿಯ 9ನೇ ಫ್ರೇಮಿನಲ್ಲಿದ್ದರೆ (ಪೇಜಿನಷ್ಟೇ ಗಾತ್ರದ ಜಾಗ) ಭೌತಿಕ ವಿಳಾಸ 40,480. ಪೇಜ್ ಬದಲಿಸುವ ಲೆಕ್ಕದಲ್ಲಿ 1, 2, 3, 4, 1, 2, 5, 1, 2, 3, 4, 5 ಎಂಬ ಸರಣಿಯನ್ನು ಕೈಯಿಂದಲೇ ಮಾಡಿ ನೋಡಿ: ಮೊದಲು ಬಂದದ್ದನ್ನು ಮೊದಲು ತೆಗೆಯುವ ಪದ್ಧತಿಯಲ್ಲಿ ಮೂರು ಫ್ರೇಮುಗಳಿದ್ದರೆ 9 ಪೇಜ್ ಫಾಲ್ಟುಗಳು, ನಾಲ್ಕಿದ್ದರೆ 10. ಮೆಮೊರಿ ಹೆಚ್ಚಿಸಿದರೂ ಫಾಲ್ಟುಗಳು ಹೆಚ್ಚಾಗುವ ಈ ವಿಚಿತ್ರಕ್ಕೆ ಬೆಲಾಡಿ ಎಂಬ ಕಂಪ್ಯೂಟರ್ ವಿಜ್ಞಾನಿಯ ಹೆಸರಿದೆ. ಅಸೈನ್‌ಮೆಂಟಿನ ಉತ್ತರಗಳನ್ನು ಟೆಲಿಗ್ರಾಮ್ ಗುಂಪುಗಳಿಂದ ಎತ್ತಿಕೊಂಡವರಿಗೆ 25ರ ಭಾಗದಲ್ಲಿ ಪೂರ್ಣ ಅಂಕ ಬರಬಹುದು, 75ರ ಭಾಗದಲ್ಲಿ ಇಂಥ ಲೆಕ್ಕಗಳ ಮುಂದೆ ಕೈ ಖಾಲಿ.

ಭಾಷೆಯ ಬಗ್ಗೆ ಒಂದು ಮಾತು. ಪಾಠಗಳು ಇಂಗ್ಲಿಷಿನಲ್ಲಿರುತ್ತವೆ, ಕೆಲವು ಎನ್‌ಪಿಟಿಇಎಲ್ ಕೋರ್ಸುಗಳ ಪಠ್ಯ ಕನ್ನಡದಲ್ಲೂ ಸಿಗುತ್ತದೆ. ಸಿಗದಿದ್ದರೂ ಟಿಪ್ಪಣಿಯನ್ನು ಪಾರಿಭಾಷಿಕ ಪದಗಳನ್ನು ಇದ್ದಂತೆಯೇ ಇಟ್ಟು ಕನ್ನಡದ ವಾಕ್ಯಗಳಲ್ಲಿ ಬರೆಯಿರಿ. ಸ್ಲೈಡಿನ ಇಂಗ್ಲಿಷ್ ವಾಕ್ಯವನ್ನು ಅರ್ಥವಾಗದೆಯೂ ನಕಲು ಮಾಡಬಹುದು, ಸ್ವಂತ ಕನ್ನಡ ವಾಕ್ಯವನ್ನು ಅರ್ಥವಾಗದೆ ಬರೆಯುವುದು ಕಷ್ಟ.

ಕೋರ್ಸು ಮುಗಿಯುವ ಹೊತ್ತಿಗೆ ಎಕ್ಸ್‌ವಿ6ಗೆ ಒಂದು ಹೊಸ ಸಿಸ್ಟಮ್ ಕಾಲನ್ನು ಸೇರಿಸುವ ಪ್ರಯೋಗವನ್ನಾದರೂ ಮಾಡಿ. 1975ರ ಯೂನಿಕ್ಸ್ ಆರನೇ ಆವೃತ್ತಿಯ ಮಾದರಿಯಲ್ಲಿ ಕಟ್ಟಿರುವ ಈ ಕರ್ನಲ್ ಹತ್ತು ಸಾವಿರ ಸಾಲುಗಳ ಒಳಗೇ ಇರುವುದರಿಂದ ಒಬ್ಬರು ಪೂರ್ತಿ ಓದಿ ಮುಗಿಸಬಹುದಾದದ್ದು. ಲಿನಕ್ಸಿನ ಕೋಟಿಗಟ್ಟಲೆ ಸಾಲುಗಳಲ್ಲಿ ಅದು ಆಗದ ಮಾತು. ಸಿಸ್ಟಮ್ ಕಾಲಿಗೆ ಒಂದು ಸಂಖ್ಯೆ ಕೊಡುವುದು, ಕರ್ನಲ್ಲಿನ ಪಟ್ಟಿಯಲ್ಲಿ ಅದರ ಫಂಕ್ಷನ್ನನ್ನು ನಮೂದಿಸುವುದು, ಬಳಕೆದಾರರ ಕಡೆಯಿಂದ ಕರೆಯುವ ದಾರಿಯನ್ನು ಮಾಡುವುದು, ಇವು ಒಂದೊಂದೂ ಕೆಲವೇ ಸಾಲುಗಳು. ಕರ್ನಲ್ ಪ್ಯಾನಿಕ್ ಆಗಿ ನಿಂತರೆ ಅಂತರಜಾಲದಲ್ಲಿ ಪರಿಹಾರದ ಕೋಡನ್ನು ಹುಡುಕುವ ಬದಲು ಜಿಡಿಬಿಯನ್ನು ಜೋಡಿಸಿ ಸಿಸ್ಟಮ್ ಕಾಲ್ ಒಳಬರುವ ಜಾಗದಲ್ಲೇ ನಿಲ್ಲಿಸಿ, ಯಾವ ಸಂಖ್ಯೆ ಬಂದಿದೆ, ಯಾವ ಆರ್ಗ್ಯುಮೆಂಟ್ ಬಂದಿದೆ ಎಂದು ನೋಡಿ. ಇದು ಮುಗಿದ ಮೇಲೆ ಧೈರ್ಯವಿದ್ದವರು ಫೋರ್ಕ್ ಆದಾಗ ಮೆಮೊರಿಯ ಪ್ರತಿಯನ್ನು ತಡಮಾಡುವ ಕಾಪಿ-ಆನ್-ರೈಟ್ ಪ್ರಯೋಗಕ್ಕೆ ಕೈಹಾಕಬಹುದು. ಅದಕ್ಕೆ ಪೇಜ್ ಟೇಬಲ್, ಟ್ರ್ಯಾಪ್ (ಪ್ರೊಸೆಸರ್ ಪ್ರೋಗ್ರಾಮನ್ನು ನಿಲ್ಲಿಸಿ ಕರ್ನಲ್ಲಿಗೆ ಹೋಗುವುದು), ಲಾಕ್ ಮೂರೂ ಬೇಕಾಗುವುದರಿಂದ ಎರಡು ವಾರಾಂತ್ಯಗಳನ್ನಾದರೂ ಬಿಡುವು ಮಾಡಿಕೊಂಡೇ ಕುಳಿತುಕೊಳ್ಳಬೇಕು.