ಕಾಲ ಅಳೆದು ನ್ಯೂಟ್ರಾನಿನ ಶಕ್ತಿ ಕಂಡುಕೊಂಡದ್ದು

ವಿಕಿರಣ ತಾಗಿದಾಗ ಬೆಳಕು ಸೂಸುವ ದ್ರವ ಸಿಂಟಿಲೇಟರಿನಲ್ಲಿ ನ್ಯೂಟ್ರಾನ್ ತಾನಾಗಿ ಬೆಳಕು ಹುಟ್ಟಿಸುವುದಿಲ್ಲ. ಅದು ಡಿಕ್ಕಿ ಹೊಡೆದ ಹೈಡ್ರೋಜನ್ ಪ್ರೋಟಾನು ಚಿಮ್ಮಿ ಬೆಳಕು ಕೊಡುತ್ತದೆ. ಡಿಕ್ಕಿ ಎಷ್ಟು ಓರೆಯಾಗಿತ್ತು ಎಂಬುದನ್ನು ಅನುಸರಿಸಿ ಪ್ರೋಟಾನಿಗೆ ಸಿಗುವ ಪಾಲು ಸೊನ್ನೆಯಿಂದ ಪೂರ್ಣ ಶಕ್ತಿಯವರೆಗೆ ಎಷ್ಟಾದರೂ ಇರಬಹುದಾದ್ದರಿಂದ, ಬೆಳಕಿನ ಪ್ರಮಾಣವೊಂದನ್ನೇ ನೋಡಿ ಒಂದೊಂದು ನ್ಯೂಟ್ರಾನಿನ ಶಕ್ತಿಯನ್ನು ಹೇಳಲಾಗದು. ಆದಕಾರಣ, ತಾನಾಗಿಯೇ ವಿದಳನಗೊಳ್ಳುವ (ಬೀಜಕೇಂದ್ರ ಒಡೆಯುವ) ಕ್ಯಾಲಿಫೋರ್ನಿಯಂ-252ರ ನ್ಯೂಟ್ರಾನುಗಳನ್ನು ಅಳೆಯುವಾಗ ನಾನು ನೆಚ್ಚಿಕೊಂಡದ್ದು ಅವುಗಳ ಪ್ರಯಾಣದ ಕಾಲವನ್ನು.

ಮೂಲಕ್ಕೆ ತಾಗಿದಂತೆ ಇಟ್ಟ ಬೇರಿಯಂ ಫ್ಲೋರೈಡ್ ಹರಳು ವಿದಳನದ ಗಾಮಾ ಕಿರಣವನ್ನು ಹಿಡಿದು ಕಾಲದ ಆರಂಭವನ್ನು ಕೊಡುತ್ತಿತ್ತು. 2 ಮೀಟರ್ ದೂರದ ದ್ರವ ಡಿಟೆಕ್ಟರು ಅಂತ್ಯವನ್ನು ಕೊಡುತ್ತಿತ್ತು. ಇಷ್ಟು ದೂರಕ್ಕೆ 4 ಎಂಇವಿ (ಮೆಗಾ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ನ್ಯೂಟ್ರಾನಿಗೆ ಸುಮಾರು 72 ನ್ಯಾನೊಸೆಕೆಂಡ್, 1 ಎಂಇವಿಯದಕ್ಕೆ 145 ನ್ಯಾನೊಸೆಕೆಂಡ್ ಬೇಕು. ಗಾಮಾ ಕಿರಣಕ್ಕೆ 6.7 ಸಾಕು. ಆ ಗಾಮಾ ಶಿಖರವೇ ನನ್ನ ನಿಜವಾದ ಗಡಿಯಾರ, ಏಕೆಂದರೆ ಕೇಬಲ್ಲು, ಎಲೆಕ್ಟ್ರಾನಿಕ್ಸುಗಳ ವಿಳಂಬವನ್ನೆಲ್ಲ ಅದರ ಸ್ಥಾನದಿಂದಲೇ ಕಳೆಯಬಹುದು.

ಡಿಟೆಕ್ಟರಿನ ದಪ್ಪದ ಬಗ್ಗೆ ನಾನು ಬಹಳ ಯೋಚಿಸಿದೆ. 5 ಇಂಚು ದಪ್ಪವಾದರೆ ದೂರದಲ್ಲೇ ಶೇಕಡ 6ರಷ್ಟು ಹರವು ಬರುತ್ತದೆ, ಶಕ್ತಿಯಲ್ಲಿ ಅದು ಇಮ್ಮಡಿಯಾಗುತ್ತದೆ. 1 ಎಂಇವಿ ಆಸುಪಾಸಿನಲ್ಲಿ ಒಂದು ನ್ಯಾನೊಸೆಕೆಂಡಿನ ಅನಿಶ್ಚಿತತೆ ಇದರ ಮುಂದೆ ಏನೂ ಅಲ್ಲ. ದೆಹಲಿಯ ವೇಗವರ್ಧಕ ಸಂಶೋಧನಾ ಕೇಂದ್ರ ಐಯುಎಸಿಯ ನ್ಯಾಂಡ್ ಎಂಬ ನ್ಯೂಟ್ರಾನ್ ಡಿಟೆಕ್ಟರ್ ವ್ಯೂಹದ 100 ಡಿಟೆಕ್ಟರುಗಳು ಅಷ್ಟು ದಪ್ಪದವೇ. ವಿದಳನಕ್ಕೆ ಎಷ್ಟು ನ್ಯೂಟ್ರಾನು ಎಂದು ಎಣಿಸುವವರಿಗೆ ದಕ್ಷತೆಯೇ (ಬಂದವುಗಳಲ್ಲಿ ಎಷ್ಟು ಪಾಲು ಸಿಕ್ಕಿಬೀಳುತ್ತದೆ ಎಂಬುದೇ) ಮುಖ್ಯ. ನನಗೆ ವರ್ಣಪಟಲದ (ಯಾವ ಶಕ್ತಿಯಲ್ಲಿ ಎಷ್ಟು ನ್ಯೂಟ್ರಾನು ಎಂಬುದರ) ಆಕಾರ ಬೇಕಿತ್ತು, ಆದ್ದರಿಂದ ಎಣಿಕೆ ತಗ್ಗಿದರೂ ಸರಿಯೆಂದು 2 ಇಂಚಿನದನ್ನು ಆರಿಸಿದೆ.

ಗಾಮಾ ಕಿರಣವೂ ದ್ರವದಲ್ಲಿ ಎಲೆಕ್ಟ್ರಾನನ್ನು ಚಿಮ್ಮಿಸಿ ಬೆಳಕು ಹುಟ್ಟಿಸುತ್ತದೆ. ಅದನ್ನು ಬೇರ್ಪಡಿಸಲು ಪಲ್ಸಿನ (ಆ ಬೆಳಕಿನಿಂದ ಬರುವ ವಿದ್ಯುತ್ ಮಿಡಿತದ) ಬಾಲವನ್ನು ನೋಡಬೇಕು. ಪ್ರೋಟಾನ್ ಕೊಡುವ ಬೆಳಕು ಎಲೆಕ್ಟ್ರಾನಿನದಕ್ಕಿಂತ ನಿಧಾನವಾಗಿ ಆರುತ್ತದೆ. ಬಾಲದ ವಿದ್ಯುದಾವೇಶವನ್ನು ಒಟ್ಟು ಆವೇಶದಿಂದ ಭಾಗಿಸಿ ನಕ್ಷೆ ಬರೆದರೆ ಎರಡು ಪಟ್ಟಿಗಳು ಸ್ಪಷ್ಟವಾಗಿ ಕಾಣುತ್ತವೆ. ದ್ರವದಲ್ಲಿ ಆಮ್ಲಜನಕ ಕರಗಿದ್ದರೆ ಈ ಬೇರ್ಪಡೆ ಕೆಡುವುದರಿಂದ, ತುಂಬುವ ಮೊದಲು ಅದರೊಳಗೆ ಸಾರಜನಕವನ್ನು ಹಾಯಿಸುತ್ತಾರೆ. ಶಕ್ತಿ ಇಳಿದಂತೆ ಪಟ್ಟಿಗಳು ಒಂದರೊಳಗೊಂದು ಸೇರಿಹೋಗುತ್ತವೆ. 1 ಎಂಇವಿ ಪ್ರೋಟಾನಿನ ಬೆಳಕು ಅಷ್ಟೇ ಶಕ್ತಿಯ ಎಲೆಕ್ಟ್ರಾನಿನ ಬೆಳಕಿನ ಸುಮಾರು ಐದನೇ ಒಂದು ಭಾಗ ಮಾತ್ರ.

ಹೀಗಾಗಿ ಹೊಸ್ತಿಲು (ಎಣಿಕೆಗೆ ಬರಲು ಬೇಕಾದ ಕನಿಷ್ಠ ಬೆಳಕು) ಸ್ವಲ್ಪ ಸರಿದರೂ ಕಡಿಮೆ ಶಕ್ತಿಯಲ್ಲಿ ದಕ್ಷತೆ ಬಹಳ ಬದಲಾಗುತ್ತದೆ. ಪ್ರತಿ ಅಳತೆಯ ಮುನ್ನವೂ ನಂತರವೂ ಸೀಸಿಯಂ-137 ಮೂಲವಿಟ್ಟು 477 ಕೆಇವಿಯ (ಕಿಲೊ ಎಲೆಕ್ಟ್ರಾನ್ ವೋಲ್ಟ್) ಕಾಂಪ್ಟನ್ ಅಂಚು, ಅಂದರೆ ಗಾಮಾ ಡಿಕ್ಕಿಯಲ್ಲಿ ಎಲೆಕ್ಟ್ರಾನಿಗೆ ಸಿಗಬಹುದಾದ ಗರಿಷ್ಠ ಶಕ್ತಿಯ ಗುರುತು, ತನ್ನ ಜಾಗದಲ್ಲಿಯೇ ಇದೆಯೇ ಎಂದು ಪರೀಕ್ಷಿಸುತ್ತಿದ್ದೆ. ಗೋಡೆ, ನೆಲಗಳಿಂದ ಚದುರಿ ಬಂದ ನ್ಯೂಟ್ರಾನುಗಳ ಪಾಲನ್ನು, ನೇರ ಬರುವವನ್ನು ತಡೆಯಲು ನಡುವೆ ಕಬ್ಬಿಣ ಮತ್ತು ಬೋರಾನ್ ಬೆರೆತ ಪಾಲಿಥೀನಿನ ದಿಮ್ಮಿ ನಿಲ್ಲಿಸಿ ಅಳೆದು ಕಳೆದೆ. ಉಳಿದ ಎಣಿಕೆಯನ್ನು ಕ್ಯಾಲಿಫೋರ್ನಿಯಮ್ಮಿನ ಚೆನ್ನಾಗಿ ತಿಳಿದಿರುವ ವರ್ಣಪಟಲದಿಂದ ಭಾಗಿಸಿ ದಕ್ಷತೆಯ ರೇಖೆಯನ್ನು ಪಡೆದು, ಕಣಗಳ ಹಾದಿಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಜಿಯಾಂಟ್-4 ಗಣನೆಯೊಡನೆ ಹೋಲಿಸಿದೆ. ಹೊಸ್ತಿಲಿನ ಸಮೀಪ, 1 ಎಂಇವಿಗಿಂತ ಕೆಳಗೆ, ಇವೆರಡೂ ಹೊಂದಲಿಲ್ಲವಾದ್ದರಿಂದ ಅಲ್ಲಿನ ಬಿಂದುಗಳನ್ನು ಫಲಿತಾಂಶದಿಂದ ಕೈಬಿಟ್ಟೆ.