ಬೀಚಲ್ಲಿ ಗಾಳ ಹಾಕ್ಲಿಕ್ಕೆ ನಿರ್ಬಂಧ ಬರ್ತದಾ? ಆಕ್ಷೇಪಣೆ ಕೊಡುದು ಹೀಗೆ

ನಮ್ಮ ಕರಾವಳಿಯಲ್ಲಿ ಯಾವುದಾದ್ರೂ ಬೀಚಲ್ಲಿ ಇನ್ನು ಗಾಳ ಹಾಕ್ಲಿಕ್ಕಿಲ್ಲ ಅಂತ ಸುದ್ದಿ ಬಂದ್ರೆ ವಾಟ್ಸಾಪ್ ಗ್ರೂಪಲ್ಲಿ ಎರಡು ದಿನ ಬೈಗುಳ, ಆಮೇಲೆ ಎಲ್ಲ ಸುಮ್ಮನೆ, ಸ್ವಲ್ಪ ಸಮಯ ಕಳೆದು ನೋಡಿದ್ರೆ ಬೋರ್ಡ್ ಬಿದ್ದಾಗಿರ್ತದೆ. ಬೋರ್ಡ್ ಬಿದ್ದ ಮೇಲೆ ತೆಗೆಸುದು ಬಹಳ ಕಷ್ಟ ಮಾರಾಯ್ರೆ, ಪ್ರಸ್ತಾಪ ಇರುವಾಗ್ಲೇ ಕಾಗದ ಹಿಡ್ಕೊಂಡು ಹೋಗ್ಬೇಕು.

ಮೊದಲು ಆ ಪ್ರಸ್ತಾಪದ ಪ್ರತಿ ಕೈಗೆ ಬರ್ಬೇಕು. ಪಂಚಾಯತಿನದ್ದಾ, ಪುರಸಭೆದ್ದಾ, ಡಿಸಿ ಆಫೀಸಿಂದಾ, ಪ್ರವಾಸೋದ್ಯಮ ಇಲಾಖೆದ್ದಾ ಅಂತ ಗೊತ್ತಿಲ್ಲದೆ ಯಾರಿಗೆ ಬರೆಯುದು? ಆಫೀಸಿಗೆ ಹೋಗಿ ಕೇಳಿ, ಕೊಡದಿದ್ರೆ ಮಾಹಿತಿ ಹಕ್ಕಿನ ಅರ್ಜಿ, ಅಂದ್ರೆ ಆರ್‌ಟಿಐ ಹಾಕಿ. ಫೀಸು 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ, ಹಾಗಾಗಿ ಕಥೆ ಬರೀಬೇಡಿ, "ಇಂಥ ಬೀಚಲ್ಲಿ ಗಾಳ ಹಾಕುದನ್ನು ನಿರ್ಬಂಧಿಸುವ ಪ್ರಸ್ತಾಪದ ಪ್ರತಿ, ಸಭೆಯ ನಡಾವಳಿ, ಬಂದ ದೂರುಗಳ ಪ್ರತಿ" ಅಂತ ಕೇಳಿದ್ರೆ ಸಾಕು. ದೂರಿನ ಪ್ರತಿ ಮುಖ್ಯ, ಎಷ್ಟೋ ಸಲ ಇಡೀ ಬೀಚಿಗೆ ನಿಷೇಧ ಅಂತ ಬರುದರ ಹಿಂದೆ ಒಂದೇ ಜಾಗದ ದೂರು ಇರ್ತದೆ.

ಆರ್‌ಟಿಐ ಉತ್ತರಕ್ಕೆ ಕಾಯ್ತಾ ಆಕ್ಷೇಪಣೆಯ ಕಡೇ ದಿನ ದಾಟಿಸ್ಬೇಡಿ. ಕರಡು ಅಂತ ಪ್ರಕಟ ಆಗಿದ್ರೆ ತಾರೀಕು ಅದ್ರಲ್ಲೇ ಉಂಟಾ ನೋಡಿ. ಡಿಸಿ ಅಥವಾ ಎಸಿ (ಉಪವಿಭಾಗಾಧಿಕಾರಿ) ನಾಗರಿಕ ಸುರಕ್ಷಾ ಸಂಹಿತೆ 163ನೇ ಸೆಕ್ಷನ್ ಕೆಳಗೆ, ಅಂದ್ರೆ ಹಳೇ 144ರ ನಿಷೇಧಾಜ್ಞೆಯ ಜಾಗದಲ್ಲಿ ಬಂದದ್ದು, ಆದೇಶ ಮಾಡಿದ್ರೆ ಅದು ಎರಡು ತಿಂಗಳಿಗಿಂತ ಜಾಸ್ತಿ ಇರುವ ಹಾಗಿಲ್ಲ, ಮುಂದುವರಿಸ್ಬೇಕಾದ್ರೆ ಸರಕಾರವೇ ಮಾಡ್ಬೇಕು, ಅದೂ ಆರು ತಿಂಗಳ ಮಿತಿಯಲ್ಲಿ. ತೊಂದರೆ ಆದವರು ರದ್ದು ಮಾಡಿ, ಇಲ್ಲ ಬದಲಾಯಿಸಿ ಅಂತ ಅದೇ ಅಧಿಕಾರಿಗೆ ಅರ್ಜಿ ಕೊಡ್ಲಿಕ್ಕೆ ಆ ಸೆಕ್ಷನಲ್ಲೇ ಅವಕಾಶ ಉಂಟು.

ಇನ್ನು ನಿರ್ಬಂಧ ಯಾಕೆ ತರ್ತಾರೆ ಅಂತ ಅವರ ಕಡೆಯಿಂದಲೂ ಯೋಚನೆ ಮಾಡಿ. ಮುರುಡೇಶ್ವರದಲ್ಲಿ 2024ರ ಡಿಸೆಂಬರಲ್ಲಿ ಪ್ರವಾಸಕ್ಕೆ ಬಂದ 4 ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡ ಮೇಲೆ ಪ್ರವಾಸಿಗರಿಗೆ ಬೀಚನ್ನೇ ಬಂದ್ ಮಾಡಿದ್ರು. ಮಕ್ಕಳನ್ನು ಕಳ್ಕೊಂಡ ಮೇಲೆ ಅಧಿಕಾರಿಗಳು ಹೆದರುದು ನ್ಯಾಯವೇ. ಪಡುಬಿದ್ರಿ, ಹೊನ್ನಾವರದ ಕಾಸರಕೋಡು ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದ್ರೆ ಸ್ವಚ್ಛ, ಸುರಕ್ಷಿತ ಬೀಚ್ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು, ಅಲ್ಲಿ ಈಜುವವರ ಜಾಗದಲ್ಲಿ ಗಾಳ ಬೇಕು ಅಂತ ಹಟ ಮಾಡಿದ್ರೆ ಯಾರೂ ಕೇಳುದಿಲ್ಲ, ನಾನೂ ಈಜುವವರ ಕಡೆಗೇ. ಸೀಸ ಕಟ್ಟಿದ ಗಾಳವನ್ನು ಹಿಂದಕ್ಕೆ ಬೀಸಿ ಎಸೆಯುವಾಗ ಬೆನ್ನ ಹಿಂದೆ ಒಂದು ಮಗು ಓಡಿ ಬಂದ್ರೆ ಎಂತ ಆಗ್ತದೆ ಅಂತ ನಮಗೆಲ್ಲ ಗೊತ್ತುಂಟು. ಆದ್ರೆ ಬೆಳಿಗ್ಗೆ ಆರು ಗಂಟೆಗೆ ಹೊಳೆ ಸಮುದ್ರ ಸೇರುವ ಅಳಿವೆ ಬಾಗಿಲ ಹತ್ರ ಸಿಗಡಿ ಚುಚ್ಚಿ ಕಾಣೆ ಮೀನಿಗೆ ಕಾಯುವವನಿಂದ ಯಾರಿಗೂ ತೊಂದರೆ ಇಲ್ಲ, ಈ ವ್ಯತ್ಯಾಸವನ್ನು ಅಧಿಕಾರಿಗೆ ಕಣ್ಣಿಗೆ ಕಾಣುವ ಹಾಗೆ ತೋರಿಸುದೇ ನಮ್ಮ ಕೆಲಸ.

ಅದಕ್ಕೆ ಬೀಚಿನ ಉದ್ದಕ್ಕೆ ನಡೀರಿ. ಒಂದು ಭಾನುವಾರ, ಒಂದು ಮಾಮೂಲಿ ದಿನ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಪ್ರವಾಸಿಗರು ಎಲ್ಲಿವರೆಗೆ ಇಳೀತಾರೆ, ಗಾಳದವರು ಎಲ್ಲಿ ನಿಲ್ತಾರೆ, ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ಬಲೆ) ಎಳೆಯುದು ಎಲ್ಲಿ, ನಾಡದೋಣಿ ಎಳೆದಿಡುದು ಎಲ್ಲಿ ಅಂತ ಒಂದು ಹಾಳೆಯಲ್ಲಿ ಕೈಯಲ್ಲೇ ನಕ್ಷೆ ಬಿಡಿಸಿ, ತಾರೀಕು ಟೈಮ್ ಬರುವ ಫೋಟೋ ಇಡಿ, ಬೇರೆಯವರ ಮುಖ ಬೇಡ. ಹಾಗೇ ಅಲ್ಲಿ ಬಿದ್ದಿರುವ ನೈಲಾನ್ ದಾರ, ತುಕ್ಕು ಹಿಡಿದ ಗಾಳ ಎಲ್ಲ ಹೆಕ್ಕಿ. ನಾಯಿ ಕಾಲಿಗೆ, ಹಕ್ಕಿ ರೆಕ್ಕೆಗೆ ಸುತ್ತಿಕೊಳ್ಳುದು ನಮ್ಮದೇ ದಾರ, ಅದನ್ನು ಬಿಟ್ಟುಹೋಗಿ ಹಕ್ಕು ಕೇಳ್ಲಿಕ್ಕೆ ನಮಗೆ ಮುಖ ಇಲ್ಲ.

ಆಕ್ಷೇಪಣೆ ಒಂದೇ ಪುಟ ಇರ್ಲಿ. ಪೂರ್ತಿ ವಿರೋಧ ಅಂತ ಬರೆಯುದಕ್ಕಿಂತ ಬದಲಿಗೆ ಎಂತ ಮಾಡ್ಬಹುದು ಅಂತ ಬರೀರಿ:

"ಮಾನ್ಯರೇ, ಈಜುವವರ ಸುರಕ್ಷತೆಗೆ ನಮ್ಮ ಒಪ್ಪಿಗೆ ಇದೆ. ಆದರೆ ಇಡೀ ಬೀಚಿಗೆ ದಿನವಿಡೀ ನಿಷೇಧದ ಅಗತ್ಯ ಇಲ್ಲ. ಲೈಫ್‌ಗಾರ್ಡ್ ಇರುವ ಭಾಗದಲ್ಲಿ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ ನಿರ್ಬಂಧಿಸಿ, ನಕ್ಷೆಯಲ್ಲಿ ಗುರುತಿಸಿದ ಅಳಿವೆ ಬದಿಯ ಜಾಗವನ್ನು ಗಾಳಕ್ಕೆ ಬಿಡಬೇಕಾಗಿ ವಿನಂತಿ."

ಟೈಮು, ಜಾಗ ನಿಮ್ಮ ಊರಿಗೆ ತಕ್ಕ ಹಾಗೆ ಬದಲಾಯಿಸಿ. ಒಂದೇ ಕಾಗದಕ್ಕೆ ಐವತ್ತು ಸಹಿ ಹಾಕಿಸುದಕ್ಕಿಂತ ಹತ್ತು ಜನ ಅವರವರ ಮಾತಲ್ಲಿ ಬರೆದದ್ದಕ್ಕೆ ತೂಕ ಜಾಸ್ತಿ ಅಂತ ನನ್ನ ಅಭಿಪ್ರಾಯ. ಎರಡು ಪ್ರತಿ ತಗೊಂಡು ಹೋಗಿ, ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸದೆ ಅಲ್ಲಿಂದ ಬರ್ಬೇಡಿ.

ಊರಿನ ಮೀನುಗಾರರನ್ನು ಬಿಟ್ಟು ಒಂದು ಹೆಜ್ಜೆಯೂ ಇಡ್ಬೇಡಿ. ನಮಗೆ ಇದು ಖುಷಿ, ಅವರಿಗೆ ಅನ್ನ, ಮೊಗವೀರರು, ಖಾರ್ವಿಯವರು ಈ ದಡದಲ್ಲಿ ನಮಗಿಂತ ಮೊದಲಿನವರು. ಬಲೆಯವರನ್ನು ನಿಲ್ಲಿಸಿ ನಮ್ಮನ್ನು ಬಿಡಿ ಅಂತ ಕೇಳುದು ತಪ್ಪು. ಅವರ ಸಂಘದಲ್ಲಿ ಮೊದಲು ಕೂತು ಮಾತಾಡಿ, ಪಂಚಾಯತ್ ವಿಷಯ ಆದ್ರೆ ಒಟ್ಟಿಗೇ ಗ್ರಾಮಸಭೆಗೆ ಹೋಗಿ, ಹೇಳಿದ್ದು ನಡಾವಳಿಯಲ್ಲಿ ಬರೆದ್ರಾ ಅಂತ ಅಲ್ಲೇ ನೋಡಿ.

ನಿರ್ಬಂಧ ಕಡಲಾಮೆ ಮೊಟ್ಟೆಗೆ ಅಂತ ಆಗಿದ್ರೆ ವಿರೋಧ ಬೇಡವೇ ಬೇಡ. ಆ ಜಾಗ, ಆ ತಿಂಗಳುಗಳನ್ನು ಬಿಟ್ಟುಕೊಡಿ. ಮಳೆಗಾಲದ ರೆಡ್ ಅಲರ್ಟ್ ದಿನವೂ ಹಾಗೆಯೇ, ಪ್ರತಿಭಟನೆ ಅಂತ ಬಂಡೆ ಮೇಲೆ ಹತ್ತಿ ಗಾಳ ಬಿಟ್ರೆ ಜೀವ ಹೋಗ್ತದೆ.

ಇಷ್ಟೆಲ್ಲ ಆಗಿಯೂ ಕೇಳದಿದ್ರೆ ಹೈಕೋರ್ಟ್ ಉಂಟು, ಖರ್ಚಿನ ದಾರಿ. ಅಲ್ಲಿ ವಕೀಲರು ಮೊದಲು ಕೇಳುದು ಆ ಸೀಲು ಹಾಕಿದ ಪ್ರತಿಯನ್ನೇ, ಜಾಗ್ರತೆ ಇಟ್ಟುಕೊಳ್ಳಿ.